ಕೊಯ್ದ ಮೇಲಿನ ಹುಲ್ಲು

ಕೋರ್ಟಿನ ಭಾಷಾಂತರಗಾರ್ತಿಗೆ ಎದುರಿಗೆ ಮೇಡಂ, ಬೆನ್ನ ಹಿಂದೆ ನಿಘಂಟು ಎಂದು ಹೆಸರು. ಮೊದಲ ಮಹಡಿಯ ಕೊನೆಯ ಕೋಣೆಯಲ್ಲಿ ಇಪ್ಪತ್ತೇಳು ವರ್ಷದಿಂದ ಕೂತಿದ್ದಳು. ಇಂಗ್ಲಿಷಿನಲ್ಲಿದ್ದ ಹಳೆಯ ಕ್ರಯಪತ್ರ, ದಾನಪತ್ರ, ಮರಣಶಾಸನಗಳನ್ನು ನಮ್ಮ ಮಾತಿಗೆ ತಿರುಗಿಸುವುದು, ಕೆಳಗೆ ಸಹಿ ಹಾಕುವುದು, ಸಹಿಯ ಪಕ್ಕ ಉಬ್ಬು ಮುದ್ರೆ ಒತ್ತುವುದು, ಇಷ್ಟು ಅವಳ ಕೆಲಸ. ಆ ಮುದ್ರೆ ಒಂದು ಬಿತ್ತೆಂದರೆ ಮೂಲ ಕಾಗದವನ್ನು ಮತ್ತೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ವಕೀಲರೂ ಅದನ್ನೇ ಓದುತ್ತಿದ್ದರು, ನ್ಯಾಯಾಧೀಶರೂ ಅದನ್ನೇ ಓದುತ್ತಿದ್ದರು.

ಪದದ ವಿಷಯದಲ್ಲಿ ಅವಳು ಕಡು ಜಿಪುಣಿ. ಒಂದಕ್ಷರ ಹೆಚ್ಚು ಬೇಡ, ಒಂದಕ್ಷರ ಕಡಿಮೆ ಬೇಡ. ಅವಳ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು: "ನಮ್ಮ ಸೊಸೆ ಹತ್ರ ಮಾತಾಡೋವಾಗ ಹುಷಾರು. ತಲೆನೋವು ಅಂದ್ರೆ ಮಾತ್ರೆ ಕೊಡೋಕೆ ಮುಂಚೆ ಯಾವ ತಲೆ, ಎಂಥಾ ನೋವು ಅಂತ ಬರೆಸ್ಕೋತಾಳೆ." ಗಂಡ ಲಾರಿ ಓಡಿಸುತ್ತಿದ್ದ, ತಿಂಗಳಲ್ಲಿ ಹದಿನೈದು ದಿನ ರಸ್ತೆಯ ಮೇಲೆ. ಮನೆಯಲ್ಲಿ ಇರುತ್ತಿದ್ದವರು ಅತ್ತೆ ಸೊಸೆ ಇಬ್ಬರೇ. ಇಬ್ಬರಿಗೂ ಬಾಯಿ ಸ್ವಲ್ಪ ಖಾರ, ಹಾಗಾಗಿ ಹೊಂದಿಕೊಂಡಿದ್ದರು.

ಆ ಮಂಗಳವಾರ ಮಧ್ಯಾಹ್ನ ಅವಳ ಮೇಜಿನ ಮೇಲೆ ಒಂದು ಸಣ್ಣ ಪುಸ್ತಿಕೆ ಇತ್ತು. ಕುರಿ ವ್ಯಾಪಾರಿಗಳಿಬ್ಬರ ತಕರಾರಿನಲ್ಲಿ ಸಾಕ್ಷಿಗೆಂದು ಕೊಟ್ಟಿದ್ದ ಕುರಿ ಸಾಕಣೆಯ ಪುಸ್ತಿಕೆ. ಅರ್ಧ ಮುಗಿದಿತ್ತು. ಒಂದು ಸಾಲಿಗೆ ಬಂದು ಅವಳ ಪೆನ್ನು ನಿಂತಿತು. 'ಆಫ್ಟರ್‌ಮ್ಯಾಥ್ ಮೇಲೆ ಬಿಟ್ಟ ಕುರಿಗಳು ಬೇಗ ಕೊಬ್ಬುತ್ತವೆ' ಎಂದಿತ್ತು. ಅವಳಿಗೆ ಗೊತ್ತಿದ್ದ ಆಫ್ಟರ್‌ಮ್ಯಾಥ್ ಎಂದರೆ ದುಷ್ಪರಿಣಾಮ. ಯುದ್ಧ ಮುಗಿದ ಮೇಲೆ, ನೆರೆ ಇಳಿದ ಮೇಲೆ ಉಳಿಯುವ ಗೋಳು. ದುಷ್ಪರಿಣಾಮದ ಮೇಲೆ ಕುರಿ ಬಿಟ್ಟರೆ ಅವು ಕೊಬ್ಬುವುದು ಹೇಗೆ? ಅವಳಿಗೆ ನಗು ಬಂತು. ಪಕ್ಕದ ಮೇಜಿನ ಟೈಪಿಸ್ಟಿಗೆ ಓದಿ ಹೇಳಿದಳು.

"ಮ್ಯಾಥ್ ಅಂದ್ರೆ ಗಣಿತ ಅಲ್ವಾ ಮೇಡಂ," ಎಂದಳು ಟೈಪಿಸ್ಟ್ ತಲೆ ಎತ್ತದೆ. "ಗಣಿತದ ಪೀರಿಯಡ್ ಆದ್ಮೇಲೆ ಊಟದ ಬೆಲ್ಲು. ಕೊಬ್ಬದೆ ಇನ್ನೇನಾಗ್ತವೆ."

ಇಬ್ಬರೂ ನಕ್ಕರು. ನಗುತ್ತಲೇ ಅವಳು ಕಪಾಟಿನಿಂದ ದೊಡ್ಡ ಇಂಗ್ಲಿಷ್ ನಿಘಂಟನ್ನು ಇಳಿಸಿದಳು. ಅದು ಕೋರ್ಟಿಗೆ ಬಂದು ಹತ್ತು ವರ್ಷವಾಗಿತ್ತು. ಪದ ಹುಟ್ಟಿದ ಬಗೆಯನ್ನೂ ಅದರಲ್ಲಿ ಕೊಟ್ಟಿರುತ್ತಿದ್ದರು. ಪುಟ ತಿರುವಿ ಬೆರಳಿಟ್ಟು ಓದಿದಳು. ಆಫ್ಟರ್ ಎಂದರೆ ಆಮೇಲೆ. ಮ್ಯಾಥ್ ಎಂದರೆ ಗಣಿತವಲ್ಲ, ಬಳಕೆ ತಪ್ಪಿದ ಒಂದು ಹಳೆಯ ಪದ: ಕುಡುಗೋಲಿನಿಂದ ಕೊಯ್ಯುವುದು, ಕೊಯ್ಲು. ಹುಲ್ಲು ಕೊಯ್ಯುವುದಕ್ಕೆ ಈಗಲೂ ಹೇಳುವ ಮೋ ಎಂಬ ಮಾತಿನ ಒಡಹುಟ್ಟು. ಮೆಡೋ ಎಂಬ ಪದವೂ ಆ ಬಳಗದ್ದೇ, ಕೊಯ್ಲಿಗೆ ಬಿಟ್ಟ ಹುಲ್ಲಿನ ನೆಲ. ಹಾಗಾಗಿ ಆಫ್ಟರ್‌ಮ್ಯಾಥ್ ಎಂದರೆ ಮೊದಲಿಗೆ ಕೊಯ್ಲಿನ ಮೇಲೆ ಮತ್ತೆ ಚಿಗುರುವ ಹುಲ್ಲು, ದನ ಕುರಿ ಬಿಟ್ಟು ಮೇಯಿಸುವ ಎರಡನೆಯ ಬೆಳೆ. ಗೋಳು, ದುಷ್ಪರಿಣಾಮ ಎಂಬ ಅರ್ಥಗಳೆಲ್ಲ ಆಮೇಲೆ ಅದಕ್ಕೆ ಅಂಟಿಕೊಂಡವು.

ಅವಳ ನಗು ಅಲ್ಲೇ ನಿಂತಿತು. ಈ ಪದವನ್ನು ಅವಳು ಹಿಂದೆ ಒಂದೇ ಒಂದು ಸಲ ತಿರುಗಿಸಿದ್ದಳು. ಎಲ್ಲಿ, ಯಾವಾಗ ಎಂಬುದು ಚೆನ್ನಾಗಿ ನೆನಪಿತ್ತು.

ಕೆಲಸಕ್ಕೆ ಸೇರಿದ ಮೊದಲ ವರ್ಷ. ಹೊಳೆಯಾಚೆ ಒಂದು ದೊಡ್ಡ ಬಂಗಲೆ, ಅದರ ಕೆಳಗೆ ಹುಲ್ಲಿನ ಬಯಲು, ಬಯಲಿನ ಈಚೆಗೆ ದನಗಾಹಿಗಳ ಮನೆಗಳು. ಬಯಲು ಯಾರದ್ದು ಎಂದು ಬಂಗಲೆಯವರಿಗೂ ದನಗಾಹಿಗಳಿಗೂ ವ್ಯಾಜ್ಯ. ನೂರೈವತ್ತು ವರ್ಷದ ಹಿಂದಿನ ಒಪ್ಪಂದವೊಂದು ಇಂಗ್ಲಿಷಿನಲ್ಲಿ ಸಿಕ್ಕಿತು. ಅದರ ಮುಖ್ಯ ಸಾಲು ಚಿಕ್ಕದು: ಮೆಡೋ ಬಂಗಲೆಗೆ, ಆಫ್ಟರ್‌ಮ್ಯಾಥ್ ದನಗಳ ಮಂದೆಗೆ. ಇಪ್ಪತ್ತಾರು ವರ್ಷದ ಹುಡುಗಿ, ಕೈಯಲ್ಲಿ ಅಂಗೈಯಗಲದ ನಿಘಂಟು. ಅವಳು ಬರೆದಳು: 'ಹುಲ್ಲುಗಾವಲು ಬಂಗಲೆಗೆ ಸೇರತಕ್ಕದ್ದು, ಅದರ ದುಷ್ಪರಿಣಾಮ ದನಗಾಹಿಗಳಿಗೆ ಸೇರತಕ್ಕದ್ದು.' ಮುದ್ರೆ ಒತ್ತಿದಳು. ಬಯಲು ಪೂರಾ ಬಂಗಲೆಯದ್ದು, ದನ ನುಗ್ಗಿ ಏನೇ ಹಾಳಾದರೂ ಹೊಣೆ ದನಗಾಹಿಗಳದ್ದು ಎಂದು ಕೋರ್ಟು ತೀರ್ಮಾನಿಸಿತು. ತಂತಿಬೇಲಿ ಬಂತು.

ಇದು ಬರೀ ಹಳೆಯ ಕಥೆಯಾಗಿದ್ದರೆ ಅವಳು ನಿದ್ದೆಗೆಟ್ಟಾದರೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಅದೇ ಬೇಲಿಯನ್ನು ಕತ್ತರಿಸಿ ಇಪ್ಪತ್ತೆರಡು ದನ ಒಳಗೆ ಹೊಡೆದ ಒಬ್ಬ ದನಗಾಹಿ ಮೂರು ತಿಂಗಳಿಂದ ಜೈಲಿನಲ್ಲಿದ್ದ. ವ್ಯಾಜ್ಯ ಸೋತವನ ಮಗ ಅವನು. ಹಿಂದೊಮ್ಮೆ ಇದೇ ತಪ್ಪಿಗೆ ಎಚ್ಚರಿಕೆ ಪಡೆದಿದ್ದವನಾದ್ದರಿಂದ ಈ ಸಲ ಎರಡು ಮೂರು ವರ್ಷ ಖಂಡಿತ ಎಂದು ಕೋರ್ಟಿನಲ್ಲೆಲ್ಲ ಮಾತು. ವಿಚಾರಣೆಯಲ್ಲಿ ಅವನು ಆಡಿದ ಮಾತು ಒಂದೇ: "ಕೊಯ್ಯೋವರೆಗೂ ಅವರದು, ಕೊಯ್ದಾದ ಮೇಲೆ ನಮ್ಮದು ಅಂತ ನಮ್ಮಜ್ಜ ಹೇಳ್ತಿದ್ರು." ಕಾಗದದಲ್ಲಿ ಹಾಗಿಲ್ಲವಲ್ಲ ಎಂದು ಬಂಗಲೆಯ ವಕೀಲರು ನಕ್ಕಿದ್ದರು. ಅವನ ಅಕ್ಕ ದಿನವೂ ಬಂದು ಕೆಳಗಿನ ಮೊಗಸಾಲೆಯ ಬೆಂಚಿನ ಮೇಲೆ ಕೂರುತ್ತಿದ್ದಳು. ಭಾಷಾಂತರಗಾರ್ತಿ ದಿನಕ್ಕೆ ನಾಲ್ಕು ಸಲ ಅವಳ ಮುಂದೆ ಹಾದು ಹೋಗಿದ್ದಳು.

ತೀರ್ಪು ಗುರುವಾರ ಹನ್ನೊಂದಕ್ಕೆ.

ಬುಧವಾರ ಬೆಳಿಗ್ಗೆ ಕಚೇರಿ ತೆಗೆಯುವ ಮುಂಚೆಯೇ ಅವಳು ದಾಖಲೆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ನೆಲಮಾಳಿಗೆಯಲ್ಲಿ ಆಳೆತ್ತರದ ಕಬ್ಬಿಣದ ಕಪಾಟುಗಳು, ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಟ್ಟುಗಳು, ಧೂಳು. ಮೂಲ ಕಾಗದ ಇಲ್ಲದೆ ಹೋದರೆ? ಇದ್ದರೂ ಅಕ್ಷರ ಮಾಸಿದ್ದರೆ? ಒಂದು ಕಡೆ ಮಾಸಿರಲಿ ಎಂದು ಮನಸ್ಸು ಹಾರೈಸುತ್ತಿತ್ತು, ಆ ಹಾರೈಕೆ ಕಂಡು ಅವಳಿಗೇ ನಾಚಿಕೆ. ಎರಡು ಗಂಟೆ ಹುಡುಕಿದ ಮೇಲೆ ಸಿಕ್ಕಿತು. ಕಂದು ಬಣ್ಣಕ್ಕೆ ತಿರುಗಿದ ಶಾಯಿ, ಓರೆಯಾದ ಬರಹ. ಪದ ಅಲ್ಲೇ ಇತ್ತು, ಒಂದಕ್ಷರ ಅಳಿಸಿರಲಿಲ್ಲ. ಹಿಂದೆಯೇ ಲಗತ್ತಿಸಿದ್ದ ಭಾಷಾಂತರದ ಕೆಳಗೆ ಅವಳದೇ ಸಹಿ, ಆಗಿನ ಕಾಲದ ಗುಂಡು ಗುಂಡು ಸಹಿ, ಮುದ್ರೆ.

ಕಾಗದ ಹಿಡಿದು ಮುಖ್ಯ ಗುಮಾಸ್ತರ ಬಳಿಗೆ ಹೋದಳು. ಒಳ್ಳೆಯ ಮನುಷ್ಯ, ಅವಳ ಗಂಡನಿಗೆ ಅಪಘಾತವಾದಾಗ ರಜೆ ಕೊಡಿಸಲು ಮಹಡಿ ಮಹಡಿ ಹತ್ತಿದವರು. ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿ, ಬಾಗಿಲು ಮುಂದಕ್ಕೆ ಮಾಡಿದರು.

"ಬೇರೆ ಯಾರಿಗೆ ಹೇಳಿದ್ದೀರಿ?"

"ಯಾರಿಗೂ ಇಲ್ಲ ಸಾರ್."

"ಹೇಳಬೇಡಿ." ಧ್ವನಿ ತಗ್ಗಿಸಿದರು. "ನೋಡಿ ಮೇಡಂ, ಆಫ್ಟರ್‌ಮ್ಯಾಥ್ ಅಂದ್ರೆ ದುಷ್ಪರಿಣಾಮ ಅಂತ ಇವತ್ತೂ ಎಲ್ಲ ನಿಘಂಟಲ್ಲೂ ಇದೆ. ನೀವು ಬರೆದಿದ್ದು ತಪ್ಪು ಅಂತ ಹೇಗೆ ಹೇಳೋದು? ಒಂದು ಅರ್ಥ ತಗೊಂಡ್ರಿ, ಅಷ್ಟೇ."

"ಕಾಗದದ ಅರ್ಥ ಅದಲ್ಲ ಸಾರ್."

"ಇಪ್ಪತ್ತೇಳು ವರ್ಷದಲ್ಲಿ ಎಷ್ಟು ಕಾಗದಕ್ಕೆ ಮುದ್ರೆ ಹೊಡೆದಿದ್ದೀರಿ? ಸಾವಿರ? ಎರಡು ಸಾವಿರ? ಒಂದು ತಪ್ಪು ಅಂತ ನೀವೇ ಒಪ್ಪಿಕೊಂಡ್ರೆ ನಾಳೆಯಿಂದ ಸೋತವರೆಲ್ಲ ಸಾಲಾಗಿ ಬರ್ತಾರೆ. ನಮ್ಮದೂ ತಿರುಗಿ ನೋಡಿ, ನಮ್ಮದೂ ತಿರುಗಿ ನೋಡಿ ಅಂತ. ಮಲಗಿದ ಹಾವನ್ನ ಕೋಲು ಹಾಕಿ ಎಬ್ಬಿಸೋದು ಬೇಡ. ಆ ಹುಡುಗ ಮೇಲಿನ ಕೋರ್ಟಿಗೆ ಹೋಗಲಿ. ಅಲ್ಲಿ ಯಾರಾದರೂ ಕಂಡುಹಿಡೀತಾರೆ."

ಇಪ್ಪತ್ತೇಳು ವರ್ಷದಲ್ಲಿ ಯಾರೂ ಕಂಡುಹಿಡಿಯದ್ದನ್ನು ಮೇಲಿನ ಕೋರ್ಟಿನಲ್ಲಿ ಯಾರು ಕಂಡುಹಿಡಿಯುತ್ತಾರೆ ಎಂದು ಅವಳು ಕೇಳಲಿಲ್ಲ. ಅವರ ಮಾತಿನಲ್ಲಿ ಅವಳನ್ನು ಹೆದರಿಸಿದ್ದು ನೌಕರಿಯ ವಿಷಯವಲ್ಲ, ಆ ಸಾವಿರದ ಲೆಕ್ಕ. ಒಂದು ಪದ ಹೀಗೆ ಹುಳು ಹಿಡಿದು ಕೂತಿತ್ತೆಂದರೆ ಉಳಿದವು? ಮೆಟ್ಟಿಲು ಇಳಿಯುವಾಗ ಬೆಂಚಿನ ಮೇಲಿದ್ದ ಅಕ್ಕ ಎಂದಿನಂತೆ ತಲೆ ಎತ್ತಿ ನೋಡಿದಳು. ಭಾಷಾಂತರಗಾರ್ತಿ ಕುಂಬಳಕಾಯಿ ಕಳ್ಳನಂತೆ ಮುಖ ತಿರುಗಿಸಿ, ಹಿಂಬಾಗಿಲಿನಿಂದ ಹೊರಗೆ ಹೋದಳು.

ಸಂಜೆ ಅತ್ತೆ ಹಿತ್ತಲಿನಲ್ಲಿ ಒಣಗಿದ ಬಟ್ಟೆ ಎತ್ತುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಅವರು ಎರಡು ಹಸು ಸಾಕಿದವರು. ಸೊಸೆ ಬಟ್ಟೆ ಮಡಚುತ್ತ, ಏನೋ ಕೆಲಸದ ಮಾತೆನ್ನುವ ಹಾಗೆ ಕೇಳಿದಳು: "ಅತ್ತೆ, ಹುಲ್ಲು ಕೊಯ್ದ ಮೇಲೆ ಮತ್ತೆ ಚಿಗುರುತ್ತಲ್ಲ, ಅದಕ್ಕೇನಂತೀರಿ?"

"ಮರುಚಿಗುರು ಅಂತೀವಿ. ಎಳೇ ಹುಲ್ಲು. ಹಸು ಅದನ್ನ ಬಿಟ್ಟು ಬೇರೆ ಕಡೆ ಬಾಯಿ ಹಾಕಲ್ಲ. ಯಾಕೆ?"

ಅಷ್ಟು ಸುಲಭದ ಮಾತು. ಕೆಲಸಕ್ಕೆ ಸೇರಿದ ಮೊದಲ ವರ್ಷವೂ ಇದೇ ಅತ್ತೆ ಇದೇ ಹಿತ್ತಲಿನಲ್ಲಿ ಇದ್ದರು. ಕೇಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ಸೊಸೆಯ ಕೈಯಲ್ಲಿದ್ದ ಅಂಗಿ ಹಾಗೇ ನಿಂತದ್ದು ಕಂಡು ಅತ್ತೆ, "ಏನಾಯ್ತೇ?" ಎಂದರು. ಅವಳು ಎಲ್ಲವನ್ನೂ ಹೇಳಿದಳು.

ಅತ್ತೆ ಸಮಾಧಾನದ ಮಾತಾಡಲಿಲ್ಲ. "ಅವನ ಮನೆಯಲ್ಲಿ ದನ ಯಾರು ನೋಡ್ಕೋತಿದ್ದಾರೆ ಈಗ?" ಎಂದು ಕೇಳಿದರು.

"ಗೊತ್ತಿಲ್ಲ. ಅವನ ಅಕ್ಕ ದಿನಾ ಕೋರ್ಟಲ್ಲಿರ್ತಾಳೆ."

"ಮತ್ತೆ ಅವಕ್ಕೆ ನೀರು ತೋರಿಸೋರು ಯಾರು?" ಅತ್ತೆ ಬಟ್ಟೆಯ ರಾಶಿಯನ್ನು ಎತ್ತಿ ಸೊಂಟಕ್ಕಿಟ್ಟುಕೊಂಡರು. "ನಿಮ್ಮ ಗುಮಾಸ್ತರು ಹೇಳಿದ್ದು ನಿನ್ನ ಒಳ್ಳೇದಕ್ಕೇ. ಅದರಲ್ಲಿ ಸುಳ್ಳಿಲ್ಲ. ಆದ್ರೆ ನೀನು ತರಕಾರಿಯವನ ಬೋರ್ಡಲ್ಲಿ ಒಂದು ಕೊಂಬು ತಪ್ಪಿದ್ರೂ ನಿಂತು ತಿದ್ದೋಳು. ಇದನ್ನ ಬಿಟ್ಟು ಹೆಂಗೆ ಬದುಕ್ತೀಯೋ ನನಗಂತೂ ಗೊತ್ತಿಲ್ಲ." ಹೊಸ್ತಿಲ ಹತ್ತಿರ ತಿರುಗಿ ನಿಂತರು. "ನನ್ನ ಜೊತೆ ಇರೋಳು ನೀನು. ಮುಖ ಗಂಟು ಹಾಕ್ಕೊಂಡು ಇಪ್ಪತ್ತು ವರ್ಷ ಓಡಾಡಿದ್ರೆ ನನಗಾಗಲ್ಲ."

ಗುರುವಾರ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಅವಳು ಕೆಳಮಹಡಿಯ ಕೋರ್ಟು ಕೋಣೆಗೆ ಹೋದಳು. ಒಂದು ಕೈಯಲ್ಲಿ ಮೂಲ ಕಾಗದ, ಇನ್ನೊಂದು ಕಂಕುಳಲ್ಲಿ ಇಟ್ಟಿಗೆಯಷ್ಟು ಭಾರದ ನಿಘಂಟು. ಒಳಗೆ ಫ್ಯಾನಿನ ಸದ್ದು. ಆರೋಪಿಯ ಕಟಕಟೆಯಲ್ಲಿ ದನಗಾಹಿ, ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು ನಿಂತಿದ್ದ. ಅಕ್ಕ ಕೊನೆಯ ಸಾಲಿನಲ್ಲಿ. ಬಂಗಲೆಯ ವಕೀಲರು, ಅವರ ಹಿಂದೆ ಬಂಗಲೆಯ ಮೇಲ್ವಿಚಾರಕ. ಮುಖ್ಯ ಗುಮಾಸ್ತರು ನ್ಯಾಯಾಧೀಶರ ಮೇಜಿನ ಕೆಳಗಿನ ತಮ್ಮ ಜಾಗದಿಂದ ಅವಳನ್ನು ನೋಡಿದರು. ಅವಳ ಕಂಕುಳಲ್ಲಿದ್ದುದನ್ನು ನೋಡಿದರು. ಬೇಡ ಎನ್ನುವಂತೆ ತಲೆಯನ್ನು ಬಹಳ ಸಣ್ಣಗೆ ಆಡಿಸಿದರು.

ನ್ಯಾಯಾಧೀಶೆ ಬಂದು ಕೂತರು. ಮಿತಭಾಷಿ ಹೆಂಗಸು, ಸಮಯ ಹಾಳು ಮಾಡುವವರನ್ನು ಸಹಿಸುವವರಲ್ಲ. ತೀರ್ಪಿನ ಹಾಳೆ ತೆಗೆದು ಓದಲು ಶುರು ಮಾಡಿದರು. ಎರಡು ಸಾಲು. ಮೂರು ಸಾಲು. 'ಅಧಿಕೃತ ಭಾಷಾಂತರದಲ್ಲಿ ಸ್ಪಷ್ಟವಾಗಿರುವಂತೆ' ಎಂಬ ಮಾತು ಬಂತು. ಭಾಷಾಂತರಗಾರ್ತಿ ಎದ್ದು ನಿಂತಿದ್ದಳು. ಎದ್ದದ್ದು ಯಾವಾಗ ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ನೆನಪಾಗಲಿಲ್ಲ.

"ಆ ಭಾಷಾಂತರ ತಪ್ಪಿದೆ ಮೇಡಂ," ಎಂದಳು. "ಅದನ್ನ ಮಾಡಿದ್ದು ನಾನು."

ವಕೀಲರು ಎದ್ದು, ತೀರ್ಪಿನ ನಡುವೆ ಮಾತಾಡಲು ಇವರಿಗೆ ಅಧಿಕಾರವಿಲ್ಲ ಎಂದರು. ನ್ಯಾಯಾಧೀಶೆ ಕೈ ಎತ್ತಿ ಅವರನ್ನು ಕೂರಿಸಿದರು. ಹಾಳೆಯನ್ನು ಬೋರಲು ಹಾಕಿದರು. "ಸಾಕ್ಷಿ ಕಟ್ಟೆಗೆ ಬನ್ನಿ," ಎಂದರು. "ನೀವು ಹೇಳೋದು ನಿಮ್ಮ ಮೇಲೇ ಬರಬಹುದು. ಗೊತ್ತಿದೆ ತಾನೆ?"

"ಗೊತ್ತಿದೆ."

ಪ್ರಮಾಣ ಮಾಡಿಸಿದರು. ಅವಳು ಪದದ ಹುಟ್ಟು ಹೇಳಿದಳು: ಕೊಯ್ಯುವುದು, ಕೊಯ್ಯುವ ನೆಲ, ಕೊಯ್ದ ಮೇಲಿನ ಚಿಗುರು. ಒಂದೇ ತಾಯಿಯ ಮಕ್ಕಳಾದ ಎರಡು ಪದ ಒಂದೇ ಸಾಲಿನಲ್ಲಿ ಕೂತಿದ್ದವು, ಅವುಗಳಲ್ಲಿ ಒಂದನ್ನು ತಾನು ಗುರುತಿಸಲಿಲ್ಲ ಎಂದಳು. ಆರೋಪಿ ಅವಳ ಬಾಯನ್ನೇ ನೋಡುತ್ತಿದ್ದ.

ವಕೀಲರು ಪಾಟಿ ಸವಾಲಿಗೆ ಎದ್ದರು. ಕೂಗಾಡುವ ಜಾತಿಯಲ್ಲ, ಬೆಣ್ಣೆಯಲ್ಲಿ ಕೂದಲು ತೆಗೆಯುವ ಹಾಗೆ ಮಾತಾಡುವವರು.

"ಪದದ ಹುಟ್ಟು ಬೇರೆ, ಅರ್ಥ ಬೇರೆ. ಒಪ್ತೀರಾ ಮೇಡಂ?"

"ಒಪ್ತೀನಿ."

"ಇವತ್ತು ಯಾರಾದರೂ ಆಫ್ಟರ್‌ಮ್ಯಾಥ್ ಅಂದ್ರೆ ಹುಲ್ಲು ನೆನಪಾಗುತ್ತಾ?"

"ಪೇಟೆಯಲ್ಲಿ ಆಗಲ್ಲ."

"ಅಂದರೆ ದುಷ್ಪರಿಣಾಮ ಅನ್ನೋದೂ ಸರಿಯಾದ ಅರ್ಥವೇ. ಆಗ ಖಚಿತ ಅಂತ ಸಹಿ ಹಾಕಿದ್ರಿ. ಈಗ ಇನ್ನೊಂದು ಖಚಿತ ಅಂತೀರಿ. ಇಪ್ಪತ್ತೇಳು ವರ್ಷ ಬಿಟ್ಟು ಮೂರನೇದು ಹೇಳ್ತೀರೋ ಏನೋ. ಕೋರ್ಟು ನಿಮ್ಮ ಯಾವ ಮಾತನ್ನ ನಂಬಬೇಕು?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳ ಕಿವಿ ಬಿಸಿಯಾಯಿತು. ಹೇಳಬೇಕೆಂದು ಜೋಡಿಸಿಕೊಂಡಿದ್ದ ಮಾತೆಲ್ಲ ಚೆದುರಿಹೋಯಿತು. ಕಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನನ್ನನ್ನ ನಂಬಬೇಡಿ," ಎಂದಳು ಕಡೆಗೆ. "ಕಾಗದ ನೋಡಿ. ಮುಂದಿನ ಸಾಲಿದೆ. ಹುಲ್ಲು ಸಾಗಿಸಿದ ಮೇಲೆ ಕೆಳಗಿನ ಗೇಟು ತೆರೆಯತಕ್ಕದ್ದು. ಇದನ್ನ ನಾನು ಆಗಲೂ ಸರಿಯಾಗೇ ಬರೆದಿದ್ದೆ. ಹುಲ್ಲು ಸಾಗಿಸಿ ಮುಗಿದ ಮೇಲೆ ಗೇಟು ಯಾಕೆ ತೆರೀಬೇಕು ಅಂತ ನಾನೂ ಕೇಳ್ಕೊಳ್ಳಲಿಲ್ಲ, ಯಾರೂ ಕೇಳಲಿಲ್ಲ."

ನ್ಯಾಯಾಧೀಶೆ ಬಾಗಿ ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ ವಕೀಲರನ್ನು ಬಿಟ್ಟು ಅವರ ಹಿಂದಿದ್ದ ಮೇಲ್ವಿಚಾರಕನನ್ನು ನೋಡಿದರು. "ಕೆಳಗಿನ ಗೇಟು ಈಗಲೂ ಇದೆಯಾ?"

"ಇದೆ ಮೇಡಂ. ಬೀಗ ಹಾಕಿದೆ."

"ಯಾವ ಕಡೆಗೆ ತೆರೆಯುತ್ತೆ? ಬಂಗಲೆ ಕಡೆಗಾ?"

ಮೇಲ್ವಿಚಾರಕ ವಕೀಲರ ಮುಖ ನೋಡಿದ. ವಕೀಲರು ತಮ್ಮ ಕಾಗದ ನೋಡಿಕೊಂಡರು.

"ನಿಮ್ಮನ್ನ ಕೇಳಿದ್ದು," ಎಂದರು ನ್ಯಾಯಾಧೀಶೆ.

"ಅವರ ಕಡೆಗೆ ಮೇಡಂ," ಎಂದ ಅವನು. "ದನಗಾಹಿಗಳ ಮನೆ ಕಡೆಗೆ."

ಅಂದು ತೀರ್ಪು ಆಗಲಿಲ್ಲ. ಮೂಲ ಕಾಗದವನ್ನು ಹೊರಗಿನ ಇಬ್ಬರು ಭಾಷಾತಜ್ಞರಿಗೆ ಕಳಿಸಿದರು. ಅವರು ಬರೆದು ಕಳಿಸುವವರೆಗೆ ಹತ್ತೊಂಬತ್ತು ದಿನ. ಆ ಹತ್ತೊಂಬತ್ತು ದಿನವೂ ದನಗಾಹಿ ಒಳಗೇ ಇದ್ದ, ಅವಳೂ ಒಂದು ರೀತಿಯಲ್ಲಿ ಒಳಗೇ ಇದ್ದಳು. ಮುದ್ರೆಯನ್ನು ಅದೇ ಮಧ್ಯಾಹ್ನ ವಾಪಸು ತೆಗೆದುಕೊಂಡರು. ಮೊಗಸಾಲೆಯಲ್ಲಿ ಎದುರಾದವರು ಮಾತು ನಿಲ್ಲಿಸುತ್ತಿದ್ದರು. ಮುಖ್ಯ ಗುಮಾಸ್ತರು ಮಾತ್ರ ದಿನವೂ ಅವಳ ಮೇಜಿನ ಬಳಿ ಒಂದು ಗಳಿಗೆ ನಿಂತು, "ಚಹಾ ಆಯ್ತಾ ಮೇಡಂ?" ಎಂದು ಕೇಳಿ ಹೋಗುತ್ತಿದ್ದರು.

ತಜ್ಞರಿಬ್ಬರೂ ಒಂದೇ ಮಾತು ಬರೆದರು: ಕೊಯ್ದ ಮೇಲಿನ ಹುಲ್ಲು. ದನಗಾಹಿ ಬಿಡುಗಡೆಯಾದ. ಬೇಲಿ ಕತ್ತರಿಸಿದ್ದಕ್ಕೆ ಒಂದು ಎಚ್ಚರಿಕೆ, ಅಷ್ಟೇ. ಹಳೆಯ ತೀರ್ಪನ್ನೂ ಮರುವಿಚಾರಣೆಗೆ ತೆಗೆದುಕೊಂಡರು.

ಬಿಡುಗಡೆಯ ದಿನ ಮೆಟ್ಟಿಲ ಬಳಿ ಅವನ ಅಕ್ಕ ಅವಳಿಗೆ ಅಡ್ಡ ನಿಂತಳು. ಇಷ್ಟು ಹತ್ತಿರದಿಂದ ಅವಳ ಮುಖವನ್ನು ನೋಡಿದ್ದು ಅದೇ ಮೊದಲು.

"ಕೇಸು ಸೋತ ವರ್ಷ ನಮ್ಮಪ್ಪ ಮೂವತ್ತು ದನ ಮಾರಿದ್ರು," ಎಂದಳು. "ಖಾಲಿ ಕೊಟ್ಟಿಗೆ ಗುಡಿಸಿದ್ದು ನಾನು. ಆಮೇಲೆ ಎರಡು ವರ್ಷ ಇದ್ರು ಅಪ್ಪ. ನಮ್ಮಜ್ಜ ಸುಳ್ಳು ಹೇಳಿದ್ರು ಅಂತಲೇ ಅಂದ್ಕೊಂಡು ಹೋದ್ರು."

"ತಪ್ಪಾಯ್ತು," ಎಂದಳು ಭಾಷಾಂತರಗಾರ್ತಿ.

"ಅದನ್ನ ಎಲ್ಲರ ಮುಂದೆ ಹೇಳಿದ್ರಿ. ಕೇಳಿಸ್ಕೊಂಡೆ." ಕೋಪವೂ ಇಲ್ಲದ, ಕ್ಷಮೆಯೂ ಇಲ್ಲದ ದನಿ. ತಮ್ಮನ ತೋಳು ಹಿಡಿದು ಹೊರಟುಹೋದಳು.

ಮುಖ್ಯ ಗುಮಾಸ್ತರು ಹೇಳಿದಂತೆಯೇ ಆಯಿತು. ಅವಳು ಮುದ್ರೆ ಒತ್ತಿದ್ದ ಕಾಗದಗಳನ್ನೆಲ್ಲ ಮತ್ತೆ ನೋಡಬೇಕೆಂದು ಆದೇಶ ಬಂತು. ಅವಳನ್ನು ನಕಲು ವಿಭಾಗಕ್ಕೆ ಹಾಕಿದರು. ತನ್ನ ಹಳೆಯ ಕೆಲಸವನ್ನು ತಾನೂ ಕೂತು ನೋಡುತ್ತೇನೆಂದು ಅವಳೇ ಅರ್ಜಿ ಬರೆದಳು. ಹದಿನಾಲ್ಕು ತಿಂಗಳು ದಿನಕ್ಕೆ ಆರೇಳು ಕಾಗದ. ಮೂರು ತಪ್ಪು ಸಿಕ್ಕವು. ಎರಡು ಚಿಕ್ಕವು. ಮೂರನೆಯದು ಅಣ್ಣ ತಮ್ಮಂದಿರ ನಡುವಿನ ಒಂದು ಬಾವಿಯ ವಿಷಯ. ಅಣ್ಣನೂ ಹೋಗಿದ್ದ, ತಮ್ಮನೂ ಹೋಗಿದ್ದ, ಬಾವಿಯನ್ನೂ ಮುಚ್ಚಿ ಆಗಿತ್ತು. ಅದನ್ನೂ ಬರೆದು ಕೊಟ್ಟಳು. ಆ ದಿನ ಮನೆಗೆ ಹೋಗಿ ಊಟ ಬೇಡವೆಂದು ಮಲಗಿದಳು. ಅತ್ತೆ ತಟ್ಟೆ ತಂದು ತಲೆದಿಂಬಿನ ಪಕ್ಕ ಇಟ್ಟರು.

ಮರುವರ್ಷ ಕೊಯ್ಲಿನ ಕಾಲಕ್ಕೆ ಸ್ವಲ್ಪ ಮುಂಚೆ ದನಗಾಹಿಯ ಅಕ್ಕ ನಕಲು ವಿಭಾಗದ ಕಿಟಕಿಗೆ ಬಂದಳು. ಕೈಯಲ್ಲಿ ಬಂಗಲೆಯವರು ಕಳಿಸಿದ ಇಂಗ್ಲಿಷ್ ಕಾಗದ. ಹುಲ್ಲು ಯಾವಾಗ ಕೊಯ್ಯಬೇಕು, ಗೇಟು ಎಂದು ತೆರೆಯಬೇಕು, ದನ ಎಷ್ಟು ದಿನ ಇರಬೇಕು ಎಂದು ಎರಡೂ ಕಡೆಯವರು ಸೇರಿ ಗೊತ್ತುಮಾಡಿಕೊಳ್ಳುವ ಹೊಸ ಒಪ್ಪಂದ ಅದು. ಸಹಿ ಹಾಕುವ ಮುಂಚೆ ಓದಿಸಬೇಕಿತ್ತು.

"ನನ್ನ ಹತ್ರ ಈಗ ಮುದ್ರೆ ಇಲ್ಲ," ಎಂದಳು ಅವಳು. "ಮೇಲೆ ಹೊಸಬರಿದ್ದಾರೆ. ಅವರ ಹತ್ರ ಹೋಗಿ."

"ಮೇಲೆ ಹೋಗಿದ್ದೆ. ಮುದ್ರೆ ಹೊಡೆದು ಕೊಟ್ರು." ಅಕ್ಕ ಇನ್ನೊಂದು ಕಾಗದ ತೋರಿಸಿದಳು. "ಅದು ಸರಿ ಇದೆಯಾ ನೋಡಿ. ಪದ ಪದ ಹೇಳಿ."

ಭಾಷಾಂತರಗಾರ್ತಿ ಅವಳನ್ನು ಒಳಗೆ ಬರಹೇಳಿ ಕುರ್ಚಿ ಕೊಟ್ಟಳು. ಎರಡು ಕಾಗದವನ್ನೂ ಅಕ್ಕಪಕ್ಕ ಇಟ್ಟುಕೊಂಡು ಮೊದಲ ಸಾಲಿನಿಂದ ಶುರು ಮಾಡಿದಳು. ಆರನೆಯ ಸಾಲಿನಲ್ಲಿ ಒಂದು ಪದ ಬಂತು. ಚಿಕ್ಕ ಪದ, ಗೊತ್ತಿದ್ದ ಹಾಗೇ ಇತ್ತು. ಅವಳ ಬೆರಳು ಅದರ ಕೆಳಗೆ ನಿಂತಿತು.

"ಇದು ನನಗೆ ಸರಿಯಾಗಿ ಗೊತ್ತಿಲ್ಲ," ಎಂದಳು. "ಮೇಲಿನಿಂದ ದೊಡ್ಡ ಪುಸ್ತಕ ತರಬೇಕು. ಹೊತ್ತಾಗುತ್ತೆ."

"ತನ್ನಿ," ಎಂದಳು ಅಕ್ಕ. "ನಾನು ಕಾಯ್ತೀನಿ."